ಅರ್ಧ ಪ್ಲೇಟಿನ ಊರು

ಕಸ್ತೂರಿ,
ಪಾಲಿಟೆಕ್ನಿಕ್ಕಿಗೆ ಸೀಟು ಸಿಕ್ಕಿತೆಂದು ನಿಮ್ಮಪ್ಪ ಫೋನು ಮಾಡಿದ್ದ.
ಹಾಸಿಗೆ, ಬಕೆಟ್ಟು, ಪೆಟ್ಟಿಗೆಗೆ ಬೀಗ
ಅವನೇ ಕಟ್ಟಿಕೊಡುತ್ತಾನೆ.
ನನ್ನಲ್ಲಿರುವುದು ಇಷ್ಟೇ:
ಕಾರವಾರದಲ್ಲಿ ಹಸಿವಾದಾಗ ಎಲ್ಲಿಗೆ ಹೋಗಬೇಕು.

ಬಸ್ ಸ್ಟ್ಯಾಂಡಿನೊಳಗೆ ಏನೂ ತಿನ್ನಬೇಡ.
ಹೊರಗೆ ಬಂದು, ಕೊಡೆ ರಿಪೇರಿಯವನನ್ನು ದಾಟಿ,
ಮೂರು ಮೆಟ್ಟಿಲು ಕೆಳಗಿಳಿದರೆ
ಪೆಡ್ನೇಕರರ ಅಂಗಡಿ. ಬೋರ್ಡಿಲ್ಲ, ಹೊಗೆಯೇ ಬೋರ್ಡು.
ಪಾತಳ ಭಾಜಿ, ಪಾವು.
'ಅರ್ಧ ಪ್ಲೇಟು' ಅನ್ನು, ನಾಚಬೇಡ.
ಅರ್ಧಕ್ಕೂ ಪೂರ್ತಿಗೂ ಅವರ ಸೌಟು ಒಂದೇ,
ಬೇರೆಯಾಗುವುದು ಪಾವಿನ ಲೆಕ್ಕ ಮಾತ್ರ.
ಇದನ್ನು ಕಂಡುಹಿಡಿಯಲು ನನಗೆ
ಎರಡು ಸೆಮಿಸ್ಟರು ಹಿಡಿಯಿತು.

ಬೆಳಿಗ್ಗೆ ಆರಕ್ಕೆ ಹಾಸ್ಟೆಲಿನ ಗೇಟಿಗೆ
ಪೊಂ ಪೊಂ ಅನ್ನುತ್ತ ಸೈಕಲ್ಲು ಬರುತ್ತದೆ.
ಬಿಸಿ ಉಂಡಿ, ಮೇಲೆ ಗಟ್ಟಿ, ಒಳಗೆ ಹತ್ತಿ.
ಎರಡು ಕೊಂಡು ಒಂದನ್ನು ಮಧ್ಯಾಹ್ನಕ್ಕಿಡು
ಎಂದು ಹೇಳಬಹುದು;
ನಾನು ಒಮ್ಮೆಯೂ ಇಟ್ಟವನಲ್ಲ.

ರವಿವಾರದ ಸಂತೆಗೆ ದೀಪ ಹತ್ತಿದ ಮೇಲೆ ಹೋಗು.
ಗಂಟು ಕಟ್ಟುವ ಹೊತ್ತಿನಲ್ಲಿ
ಬಾಳೆಹಣ್ಣಿನ ಬೆಲೆ ಸಂಜೆಯ ಜತೆಗೇ ಇಳಿಯುತ್ತದೆ.

ಕಾಸಿಲ್ಲದ ದಿನ ನೋಡಲು ಊರಿದೆ.
ದಂಡೆಯ ಮೇಲೆ ನಿಲ್ಲಿಸಿದ ಯುದ್ಧನೌಕೆಗೆ ಟಿಕೆಟ್ಟು;
ಹೊರಗಿಂದ ನೋಡು, ಅದೇ ಹಡಗು.
ಗ್ರಂಥಾಲಯದ ಕಿಟಕಿ ಬದಿಯ ಫ್ಯಾನು ಪುಕ್ಕಟೆ,
ನನ್ನ ಅರ್ಧ ಡಿಪ್ಲೊಮಾ ಅದರ ಕೆಳಗೇ ಆಯಿತು.
ಕೋಡಿಬಾಗದಲ್ಲಿ ಕಾಳಿ ಸಮುದ್ರಕ್ಕೆ ಸೇರುವಲ್ಲಿ ನಿಂತುಕೋ:
ನಮ್ಮ ಕಡೆಯಿಂದ ಬಂದ ನೀರು ಅದು,
ನಾವು ಬಸ್ಸಿನಲ್ಲಿ ಬಂದೆವು, ಅದು ನಡೆದೇ ಬಂತು.
ಹಳೆಯ ಸೇತುವೆ ಬಿದ್ದುಹೋಯಿತಂತೆ.
ಅದರ ಮೇಲೆ ನಿಂತು ಎಷ್ಟು ಶೇಂಗಾ ಸಿಪ್ಪೆ ಎಸೆದಿದ್ದೆನೋ.

ಈಗ ಮುಖ್ಯವಾದದ್ದು.
ಮೀನು ಮಾರ್ಕೆಟ್ಟಿನ ಹಿಂದೆ, ಹಸಿರು ಬಾಗಿಲು,
ಸುಲೋಚನಾಬಾಯಿ ತಾಂಡೇಲರ ಖಾನಾವಳಿ.
ಕುಚಲಕ್ಕಿ ಅನ್ನ, ಹುಮಣ, ಸೋಲಕಡಿ,
ಮಳೆ ಮುಗಿದ ಮೇಲೆ ತಿಸರೆ ಸುಕ್ಕೆ.
ರೊಟ್ಟಿ ತಿಂದು ಬೆಳೆದ ನಾನು
ಮೊದಲ ದಿನ ಬಾಂಗಡೆಯನ್ನು ಹೊಟ್ಟೆಯಿಂದ ಬಿಡಿಸಿ
ಗಂಟಲಿಗೆ ಮುಳ್ಳು ಸಿಕ್ಕಿಸಿಕೊಂಡೆ.
ಆಕೆ ಅನ್ನದ ಉಂಡೆ ನುಂಗಿಸಿ, ಎದುರೇ ಕೂತು,
'ಸಾವಕಾಸ ಪುತಾ, ಬೆನ್ನಿಂದ ಶುರುಮಾಡಬೇಕು'
ಅಂದಳು.

ಅವಳ ಉದ್ರಿ ವಹಿಯಲ್ಲಿ ಹೆಸರುಗಳಿಲ್ಲ.
'ಚಷ್ಮಾ', 'ಕೊಳಲಿನವ', 'ಎರಡು ಜಡೆ'.
ನಾನು 'ಹಳಿಯಾಳ'.
ಕೊನೆಯ ಪರೀಕ್ಷೆಯ ದಿನ ಹಸಿರು ಬಾಗಿಲಿಗೆ ಬೀಗ;
ತಂಗಿಯ ಮಗಳ ಬಾಣಂತನಕ್ಕೆ ಮಾಜಾಳಿಗೆ ಹೋಗಿದ್ದಳು.
ಮೂರೂವರೆಯ ಬಸ್ಸು ಕಾಯಲಿಲ್ಲ.
ಮೂವತ್ತೊಂದು ರೂಪಾಯಿ.

ಆಮೇಲೆ ಹೋಗಲಿಲ್ಲವೆಂದಲ್ಲ.
ವಿದ್ಯುತ್ ಕಂಪನಿಯ ಮೀಟಿಂಗಿಗೆ ಮೂರು ಸಲ ಹೋದೆ.
ಸಾಹೇಬರ ಜತೆ ಎ.ಸಿ. ಹೋಟೆಲಿನಲ್ಲಿ ಉಂಡು
ಬಿಲ್ಲನ್ನು ಮಡಚಿ ಕಿಸೆಯಲ್ಲಿಟ್ಟೆ.
ಎಂಟು ವರ್ಷದ ಮೇಲೆ
ಮೂವತ್ತೊಂದು ರೂಪಾಯಿ ಕೊಡುವುದು ಹೇಗೆಂದು
ಯಾವ ಪಾಲಿಟೆಕ್ನಿಕ್ಕೂ ಕಲಿಸುವುದಿಲ್ಲ.
ಐನೂರರ ನೋಟು ಚಾಚಿದರೆ ಸೊಕ್ಕು,
ಚಿಲ್ಲರೆ ಎಣಿಸಿದರೆ ನಗೆಪಾಟಲು.
ಮಾರ್ಕೆಟ್ಟಿನ ಮೂಲೆಯವರೆಗೆ ಹೋಗಿ
ಹುರಿಯುವ ವಾಸನೆ ಬಂದಲ್ಲಿಂದ ತಿರುಗಿದೆ,
ಮೂರು ಸಲವೂ.

ಈ ಪಟ್ಟಿ ಹಳೆಯದು.
ಬೆಲೆ ಹೇಳಲಿಲ್ಲ, ಹೇಳಿದರೆ ನೀನು ನಗುತ್ತಿ.
ಪೆಡ್ನೇಕರರಿಗೆ ಆಗಲೇ ಕೈ ನಡುಗುತ್ತಿತ್ತು.
ಕೊಡೆಯವನೂ ಅಲ್ಲಿ ಇಲ್ಲದಿದ್ದರೆ ಯಾರನ್ನಾದರೂ ಕೇಳು.

ಹಸಿರು ಬಾಗಿಲು ತೆರೆದಿದ್ದರೆ ಒಳಗೆ ಹೋಗು.
ನಿನ್ನನ್ನೂ ಆಕೆ 'ಹಳಿಯಾಳ' ಎಂದೇ ಬರೆಯುತ್ತಾಳೆ.
ಮೊದಲ ತಿಂಗಳ ಲೆಕ್ಕ ಕೊಡುವಾಗ
'ಹಿಂದಿನದೂ ಸೇರಿಸಿ, ಮೂವತ್ತೊಂದು' ಅನ್ನು.
ಯಾರದೆಂದು ಕೇಳಿದರೆ ಹೇಳಬೇಡ.
ಆದರೆ ಅಲ್ಲಿಯವರೆಗೂ ದಿನಾ
ಬಾಂಗಡೆಯನ್ನು ಬೆನ್ನಿಂದ ಬಿಡಿಸುತ್ತಿರು,
ನಾನು ಕಲಿಸಿದ ಹಾಗೆ,
ಅವಳಿಗೆ ಕಾಣುವಂತೆ ಕೂತು.